ಗೋದಾವರಿ ದಂಡೆಯಲ್ಲೊಂದು ಬರೋಕ್ ಗಂಟೆ

ನಾಸಿಕ್‌ನ ಪಂಚವಟಿಯಲ್ಲಿ, ಗೋದಾವರಿಗೆ ತೀರಾ ಹತ್ತಿರದಲ್ಲಿ, ನಾರೋಶಂಕರ ದೇವಾಲಯವಿದೆ. ಪೇಶ್ವೆಗಳ ಸರದಾರ ನಾರೋಶಂಕರ ರಾಜೇಬಹಾದ್ದೂರ್ 1747ರಲ್ಲಿ ಕಟ್ಟಿಸಿದ ಶಿವಾಲಯ ಅದು. ಅಲ್ಲಿಗೆ ಹೋದವರ ಕಣ್ಣು ಗುಡಿಯ ಕೆತ್ತನೆಯಷ್ಟೇ ಬೇಗ ಪ್ರಾಕಾರದ ಗೋಡೆಯ ಮೇಲೆ ತೂಗುವ ಭಾರಿ ಕಂಚಿನ ಗಂಟೆಯ ಮೇಲೂ ನಿಲ್ಲುತ್ತದೆ. ಅದರ ಮೈಮೇಲಿರುವ ಇಸವಿ 1721. ಲೆಕ್ಕ ಶಾಲಿವಾಹನ ಶಕೆಯದಲ್ಲ, ಕ್ರಿಸ್ತಶಕದ್ದು. ಬಾಜೀರಾವ್ ಪೇಶ್ವೆಯ ತಮ್ಮ ಚಿಮಾಜಿ ಅಪ್ಪಾ 1739ರ ಮೇ ತಿಂಗಳಲ್ಲಿ ಪೋರ್ಚುಗೀಸರಿಂದ ವಸಯಿ ಕೋಟೆಯನ್ನು ಗೆದ್ದಾಗ, ಅಲ್ಲಿನ ಚರ್ಚಿನಿಂದ ಇಳಿಸಿ ವಿಜಯದ ಗುರುತಾಗಿ ತಂದ ಗಂಟೆ ಇದು ಎಂದು ಪರಂಪರೆ ಹೇಳುತ್ತದೆ. ಭೀಮಾಶಂಕರದಲ್ಲಿ, ವಾಯಿ ಹತ್ತಿರದ ಮೇಣವಲಿಯಲ್ಲಿ ಅದೇ ವಸಯಿಯಿಂದ ಬಂದ ಗಂಟೆಗಳು ಇಂದಿಗೂ ಶಿವನ ಮುಂದೆ ತೂಗುತ್ತಿರುವುದನ್ನು ನೋಡಿದರೆ ಆ ಮಾತನ್ನು ಅನುಮಾನಿಸಲು ಕಾರಣವಿಲ್ಲ. ವಸಯಿ ಇರುವ ಕೊಂಕಣದಿಂದ ನಾಸಿಕ್‌ಗೆ ಹತ್ತುವ ಹಳೆಯ ದಾರಿ ಥಳ್ ಘಟ್ಟ. ಅದರ ನೆತ್ತಿಯ ಮೇಲಿರುವ ಊರು ಇಗತಪುರಿ. 1865ರಲ್ಲಿ ಆ ಘಟ್ಟಕ್ಕೆ ರೈಲು ಹಾಕಿದಾಗ 37 ಅಡಿಗೆ ಒಂದಡಿ ಏರುವ ಹಳಿ ಹಾಕಬೇಕಾಯಿತು. ಕಸಾರಾದಲ್ಲಿ ಹಿಂದಿನಿಂದ ದೂಡುವ ಇಂಜಿನ್ನುಗಳನ್ನು ಜೋಡಿಸುವ ರೂಢಿ ಬಂದದ್ದು ಅದಕ್ಕಾಗಿಯೇ. ಅಂಥ ಏರಿನಲ್ಲಿ ಎತ್ತುಗಳ ಹೆಗಲ ಮೇಲೆ ಈ ಕಂಚು ಹತ್ತಿ ಬಂದಿರಬೇಕು. (ಇಗತಪುರಿಗೆ ಈಗ ಜನ ವಿಪಶ್ಯನಕ್ಕೆಂದು ಹೋಗಿ ಹತ್ತು ದಿನ ತುಟಿ ಬಿಚ್ಚದೆ ಕೂರುತ್ತಾರೆ. ಅಷ್ಟು ದೊಡ್ಡ ಸದ್ದು ಹಾದುಹೋದ ದಾರಿಗೆ ಇದೊಂದು ವಿಚಿತ್ರ ಪ್ರಾಯಶ್ಚಿತ್ತ.)

ಗಂಟೆಯ ಮೇಲಿನ ಇಸವಿಯ ಸುತ್ತ ಸ್ವಲ್ಪ ಹೊತ್ತು ನಿಲ್ಲಬೇಕು. 1721ರ ಮಾರ್ಚ್‌ನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಆರು ಬ್ರಾಂಡೆನ್‌ಬರ್ಗ್ ಕಂಚೆರ್ಟೋಗಳನ್ನು ನಕಲು ಮಾಡಿ ಒಬ್ಬ ಜರ್ಮನ್ ಪ್ರಭುವಿಗೆ ಅರ್ಪಿಸಿದ. ವಸಯಿಯನ್ನು ಆಳುತ್ತಿದ್ದ ಪೋರ್ಚುಗಲ್ಲಿನ ದೊರೆ ಐದನೆಯ ಜೊವಾಂವ್‌ನ ಲಿಸ್ಬನ್ ಆಸ್ಥಾನದಲ್ಲಿ ಆ ವರ್ಷ ಸಂಗೀತದ ಹೊಣೆ ಹೊತ್ತಿದ್ದವನು ದೊಮೆನಿಕೊ ಸ್ಕಾರ್ಲಾತ್ತಿ. ನಾಸಿಕ್ ಜಿಲ್ಲೆಯ ಸಿನ್ನರ್ ಸೀಮೆಯಲ್ಲಿ 1700ರಲ್ಲಿ ಹುಟ್ಟಿದ ಬಾಜೀರಾವ್ ಪೇಶ್ವೆಯ ಗಾದಿಗೆ ಬಂದು ಆಗ ಒಂದು ವರ್ಷವಾಗಿತ್ತು. ವಿವಾಲ್ದಿಯ ನಾಲ್ಕು ಋತುಗಳು 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಅದಾಗಿ ಮೂರು ವರ್ಷಕ್ಕೆ, ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪಾಲಖೇಡದಲ್ಲಿ ಬಾಜೀರಾವ್ ನಿಜಾಮನನ್ನು ನೀರಿಲ್ಲದ ಬಯಲಿಗೆ ಎಳೆದು ಸೋಲಿಸಿದ. 1740ರಲ್ಲಿ ಬಾಜೀರಾವ್ ನರ್ಮದೆಯ ದಡದಲ್ಲಿ ತೀರಿಕೊಂಡ. ಮರುವರ್ಷ ವಿವಾಲ್ದಿ ವಿಯೆನ್ನಾದಲ್ಲಿ. ಬಾಜೀರಾವ್ ಮತ್ತು ಅವನ ಪ್ರೇಯಸಿ ಮಸ್ತಾನಿಯ ಕಥೆ ಕಾಲಮಾನದ ಲೆಕ್ಕದಲ್ಲಿ ಬರೋಕ್ ಯುಗದ, ಬಾಖ್–ವಿವಾಲ್ದಿಯರ ಕಾಲದ ಪ್ರೇಮಕಥೆ. ಆ ಹೆಸರೂ ನಮಗೆ ತೀರಾ ಪರಕೀಯವಲ್ಲ. ಬರೋಕ್ ಎಂಬುದು ಪೋರ್ಚುಗೀಸಿನ ‘ಬರೊಕ್ಕು’ ಎಂಬ ಮಾತಿನಿಂದ ಬಂತೆಂಬ ವ್ಯುತ್ಪತ್ತಿಯನ್ನು ಹೆಚ್ಚಿನವರು ಒಪ್ಪುತ್ತಾರೆ. ದುಂಡಗಿಲ್ಲದ, ಡೊಂಕು ಮುತ್ತು ಎಂದು ಅದರ ಅರ್ಥ. ಆ ಅರ್ಥದಲ್ಲಿ ಈ ಮಾತು ಸಿಗುವ ಹಳೆಯ ಅಚ್ಚಿನ ಪುಸ್ತಕಗಳಲ್ಲೊಂದು ಗೋವೆಯ ವೈದ್ಯ ಗಾರ್ಸಿಯಾ ದ ಒರ್ತಾ ಬರೆದದ್ದು, 1563ರಲ್ಲಿ ಗೋವೆಯಲ್ಲೇ ಅಚ್ಚಾದದ್ದು.

ಇಷ್ಟನ್ನು ಹೇಳಿದ್ದು ಕಾಕತಾಳೀಯಗಳ ಮೋಜಿಗಲ್ಲ. ನಮ್ಮ ಚಾರಿತ್ರಿಕ ಪ್ರೇಮಚಿತ್ರಗಳ ಸಂಗೀತದ ಬಗ್ಗೆ ಎಲ್ಲರೂ ಒಪ್ಪಿಕೊಂಡು ಕೂತಿರುವ ಒಂದು ಅಭಿಪ್ರಾಯವಿದೆ: ಹದಿನೆಂಟನೆಯ ಶತಮಾನದ ದಖ್ಖನಿನ ಕಥೆಗೆ ತಬಲಾ, ಸಿತಾರ್, ಸಾರಂಗಿ ಸಹಜ, ದುಃಖ ಉಕ್ಕಬೇಕಾದಲ್ಲಿ ಐವತ್ತು ಪಿಟೀಲುಗಳೂ ಸಹಜ, ಬರೋಕ್ ಸಂಗೀತ ಮಾತ್ರ ಪರದೇಶಿ, ಅದು ಯುರೋಪಿನ ಚಿತ್ರಗಳಿಗೆ ಮೀಸಲು. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಆ ಕಾಲದ ದಖ್ಖನಿನ ಕಿವಿಗೆ ಬಿದ್ದಿರಬಹುದಾದ ಸದ್ದುಗಳ ಪಟ್ಟಿ ಮಾಡಿದರೆ ಬರೋಕ್‌ಗೆ ಅದರಲ್ಲೊಂದು ಜಾಗವಿದೆ; ನಾವು ಸಹಜವೆಂದು ಒಪ್ಪಿಕೊಂಡ ಹಲವು ಸದ್ದುಗಳಿಗೆ ಇಲ್ಲ.

ಯುರೋಪಿನವರು ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದು ಮೊದಲು ನೋಡೋಣ. ಅಲ್ಲಿಯೂ ಎಲ್ಲವೂ ಶುದ್ಧವಾಗಿಲ್ಲ. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರಕ್ಕಾಗಿ ಹದಿನೆಂಟನೆಯ ಶತಮಾನದ ಕೋಣೆಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ಚಿತ್ರಿಸಬೇಕೆಂದು ಹಟ ಹಿಡಿದು, ನಾಸಾಕ್ಕಾಗಿ ತಯಾರಾಗಿದ್ದ ಲೆನ್ಸುಗಳನ್ನು ತರಿಸಿಕೊಂಡ. ಚಿತ್ರದುದ್ದಕ್ಕೂ ಹ್ಯಾಂಡೆಲ್‌ನ ಸಾರಬಾಂಡ್ ವಿಧಿಯ ಹೆಜ್ಜೆಯಂತೆ ಹಿಂಬಾಲಿಸುತ್ತದೆ. ಆದರೆ ಬ್ಯಾರಿ ಲೇಡಿ ಲಿಂಡನ್‌ಳನ್ನು ಒಲಿಸಿಕೊಳ್ಳುವ ಗಳಿಗೆ ಬಂದಾಗ ಕೇಳುವುದು ಶೂಬರ್ಟ್ 1827ರಲ್ಲಿ ಬರೆದ ಟ್ರಿಯೊ, ಕಥೆ ಮುಗಿದು ಸುಮಾರು ನಲವತ್ತು ವರ್ಷದ ನಂತರದ್ದು. ಬೆಳಕಿನ ವಿಷಯದಲ್ಲಿ ಅಷ್ಟು ಹಟಮಾರಿಯಾದವನು ನಾದದಲ್ಲಿ ಅಷ್ಟು ದೂರ ಜಾರಿದ್ದು ಏಕೆ? ಹದಿನೆಂಟನೆಯ ಶತಮಾನದ ಸಂಗೀತವನ್ನೆಲ್ಲ ಕೇಳಿನೋಡಿದೆ, ದುರಂತ ಪ್ರೇಮಕ್ಕೆ ಒದಗುವ ಧಾಟಿ ಅದರಲ್ಲಿ ಸಿಗಲಿಲ್ಲ ಎಂಬರ್ಥದ ಮಾತನ್ನು ಅವನು ಆಡಿದ್ದಾನೆ. ಈ ಆಕ್ಷೇಪಣೆಗೆ ಮುಂದೆ ಬರುತ್ತೇನೆ. ಅವನ ಮಾತನ್ನು ಅಲ್ಲಗಳೆದ ಎರಡು ಚಿತ್ರಗಳಂತೂ ಆಮೇಲೆ ಬಂದವು. ಅಲೆಂ ಕೊರ್ನೊ 1991ರಲ್ಲಿ ಮಾಡಿದ ‘ತೂ ಲೆ ಮತಂ ದ್ಯು ಮೋಂದ್’ ಸತ್ತ ಹೆಂಡತಿಗಾಗಿ ವಿಯೋಲ ದ ಗಾಂಬಾ ನುಡಿಸುವ ಸೆಂತ್ ಕೊಲೊಂಬ್ ಮತ್ತು ಅವನ ಶಿಷ್ಯ ಮಾರೆಂ ಮಾರೆಯ ಕಥೆ. ಜೋರ್ದಿ ಸವಾಲ್ ನುಡಿಸಿದ ಅದರ ಧ್ವನಿಮುದ್ರಿಕೆಯಿಂದಾಗಿ, ಆವರೆಗೆ ಪಂಡಿತರಷ್ಟೇ ಕೇಳುತ್ತಿದ್ದ ಒಂದು ವಾದ್ಯ ಸಾಮಾನ್ಯರ ಮನೆ ಸೇರಿತು. ಸೆಲೀನ್ ಸಿಯಾಮಾಳ 2019ರ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲವೆನ್ನಬೇಕು. ದ್ವೀಪದ ಮನೆಯಲ್ಲಿ ಚಿತ್ರಕಾರ್ತಿ ತಾನು ಚಿತ್ರಿಸಬೇಕಾದ ಹುಡುಗಿಗೆ ಹಾರ್ಪ್ಸಿಕಾರ್ಡಿನ ಮೇಲೆ ವಿವಾಲ್ದಿಯ ಬೇಸಿಗೆಯ ಬಿರುಗಾಳಿಯನ್ನು ತಡವರಿಸುತ್ತ ನುಡಿಸಿ ತೋರಿಸುತ್ತಾಳೆ. ವರ್ಷಗಳ ಮೇಲೆ ಅದೇ ಸಂಗೀತವನ್ನು ಪೂರ್ಣ ವೃಂದ ನುಡಿಸುವಾಗ ಹುಡುಗಿ ರಂಗಮಂದಿರದಲ್ಲಿ ಕೂತು ಅಳುವುದನ್ನು ಕ್ಯಾಮೆರಾ ಕಣ್ಣು ಕೀಳದೆ ನೋಡುತ್ತದೆ. ಅಲ್ಲಿ ವಿವಾಲ್ದಿ ಪಾತ್ರಗಳ ಬದುಕಿನೊಳಗೆ ನಡೆದ ಘಟನೆ. ಇಬ್ಬರ ಕೈಗೂ ಕಿವಿಗೂ ಅದರ ನೆನಪಿದೆ. ಚಾರಿತ್ರಿಕ ಸಂಗೀತ ಚಿತ್ರವೊಂದಕ್ಕೆ ಕೊಡಬಹುದಾದ ಅತಿ ದೊಡ್ಡ ಲಾಭ ಇದು: ಪಾತ್ರಗಳು ಕೇಳಿದ್ದನ್ನೇ ನಾವೂ ಕೇಳುತ್ತೇವೆ.

ಈಗ ನಮ್ಮ ಕಡೆಗೆ. ಸಂಜಯ್ ಲೀಲಾ ಭನ್ಸಾಲಿಯ ‘ಬಾಜೀರಾವ್ ಮಸ್ತಾನಿ’ 2015ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು, ನಾ. ಸಂ. ಇನಾಮದಾರರ ಮರಾಠಿ ಕಾದಂಬರಿ ‘ರಾವು’ ಅದರ ಆಧಾರ. ಹಾಡುಗಳಿಗೆ ಸ್ವರ ಹಾಕಿದವರು ಭನ್ಸಾಲಿಯೇ, ಹಿನ್ನೆಲೆ ಸಂಗೀತ ಸಂಚಿತ್ ಬಲ್ಹಾರಾ ಅವರದು. ಕೇಳಲು ಸೊಗಸಾದ ಕೆಲಸ ಎಂಬುದರಲ್ಲಿ ತಕರಾರಿಲ್ಲ. ಪುರಿಯಾ ಧನಶ್ರೀಯ ನೆರಳಿನಲ್ಲಿ ಬಿರ್ಜು ಮಹಾರಾಜರು ಹೆಜ್ಜೆ ಕಟ್ಟಿಸಿದ ಕಥಕ್ ನೃತ್ಯ ಒಂದು ತೂಕದ್ದು. ಆ ಕಾಲಕ್ಕೆ ನಿಷ್ಠವೇ ಎಂದು ಚರ್ಚೆ ಎದ್ದಾಗ ಜನ ಹಿಡಿದುಕೊಂಡದ್ದು ಬಾಜೀರಾವನ ಹೆಂಡತಿ ಕಾಶಿಬಾಯಿ ಮತ್ತು ಮಸ್ತಾನಿ ಜೊತೆಯಾಗಿ ಕುಣಿಯುವ ಪಿಂಗಾ ದೃಶ್ಯವನ್ನು. ಪೇಶ್ವೆ ಮನೆತನದವರು ಎತ್ತಿದ ಆಕ್ಷೇಪಣೆಯೂ ಅದೇ. ಯಾರು ಯಾರೊಂದಿಗೆ ಕುಣಿದರು ಎಂದು ಕೇಳಿದವರು ಯಾವ ಸದ್ದಿಗೆ ಕುಣಿದರು ಎಂದು ಕೇಳಲಿಲ್ಲ. ಸ್ವಲ್ಪ ಕೇಳಿನೋಡೋಣ. ನಾವು ಇಂದು ಕಾಣುವ ಕಥಕ್ ಈ ರೂಪಕ್ಕೆ ಬಂದದ್ದು ಬಹುಪಾಲು ಹತ್ತೊಂಬತ್ತನೆಯ ಶತಮಾನದ ಲಖನೌ ಮತ್ತು ಜೈಪುರಗಳಲ್ಲಿ. ತಬಲಾ ಮತ್ತು ಸಿತಾರ್ ತಮ್ಮ ಗುರುತು ಕಂಡುಕೊಳ್ಳುತ್ತಿದ್ದುದೇ ಹದಿನೆಂಟನೆಯ ಶತಮಾನದಲ್ಲಿ, ಅದೂ ದೆಹಲಿಯ ಸುತ್ತ. ಚಾರಿತ್ರಿಕ ಚಿತ್ರಗಳ ಕವ್ವಾಲಿಗಳಲ್ಲಿ ಎಗ್ಗಿಲ್ಲದೆ ಕೇಳುವ ಹಾರ್ಮೋನಿಯಂಗೆ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಸಿಕ್ಕಿದ್ದು 1842ರಲ್ಲಿ, ಬಾಜೀರಾವ್ ಸತ್ತು ನೂರೆರಡು ವರ್ಷವಾದ ಮೇಲೆ. ಕಣ್ಣೀರಿನ ದೃಶ್ಯಗಳ ಕೆಳಗೆ ಉಕ್ಕುವ ತಂತಿವೃಂದವಂತೂ ಇನ್ನೂ ಎಳೆಯದು. ವ್ಯಾಗ್ನರ್ ಮತ್ತು ಚೈಕಾವ್‌ಸ್ಕಿಯ ನಂತರದ ಆ ನಾದವನ್ನು 1930ರ ದಶಕದಲ್ಲಿ ಹಾಲಿವುಡ್ಡಿಗೆ ಒಯ್ದವರು ಮ್ಯಾಕ್ಸ್ ಸ್ಟೈನರ್, ಕೊರ್ನ್‌ಗೋಲ್ಡ್ ಮುಂತಾದ ವಿಯೆನ್ನಾದ ಸಂಗೀತಗಾರರು. ಕೊರ್ನ್‌ಗೋಲ್ಡ್ 1938ರಲ್ಲಿ ಹನ್ನೆರಡನೆಯ ಶತಮಾನದ ರಾಬಿನ್ ಹುಡ್‌ಗೆ ಅದನ್ನು ತೊಡಿಸಿ ಆಸ್ಕರ್ ಪಡೆದ. ಅಲ್ಲಿಂದೀಚೆಗೆ ಜಗತ್ತಿನ ಎಲ್ಲ ರಾಜರೂ ಅದೇ ನಾದಕ್ಕೆ ಸಾಯುತ್ತಿದ್ದಾರೆ. ನಮ್ಮ ಕನ್ನಡದ ಇಮ್ಮಡಿ ಪುಲಿಕೇಶಿ, ಮಯೂರ, ರಣಧೀರ ಕಂಠೀರವರೂ ಇದಕ್ಕೆ ಹೊರತಲ್ಲ. ಮೂರಕ್ಕೂ ಸಂಗೀತ ಕೊಟ್ಟ ಜಿ. ಕೆ. ವೆಂಕಟೇಶ್ ಮದರಾಸಿನ ಸ್ಟುಡಿಯೊ ವೃಂದವನ್ನು ಅದ್ಭುತವಾಗಿ ದುಡಿಸಿದರು, ನಾವು ತಲೆದೂಗಿದೆವು, ಕದಂಬರ ಬನವಾಸಿಯಲ್ಲಿ ಪಿಟೀಲು ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಅದನ್ನು ಕೇಳದವರು ಬರೋಕ್ ಎಂದಕೂಡಲೇ ಹುಬ್ಬೇರಿಸಬಾರದು ಎಂದಷ್ಟೇ ನನ್ನ ಮಾತು.

ಈ ತಂತಿವೃಂದಕ್ಕೂ ವಸಯಿಯ ಗಂಟೆಗೂ ಒಂದು ನೆಂಟಸ್ತಿಕೆ ಇದೆ, ಅದನ್ನು ಇಲ್ಲಿಯೇ ಹೇಳಿಬಿಡಬೇಕು. ಪೋರ್ಚುಗೀಸರು ಗೋವೆಯ ಚರ್ಚುಗಳಿಗೆ ಅಂಟಿದ ಶಾಲೆಗಳಲ್ಲಿ ಹುಡುಗರಿಗೆ ಸ್ವರಲಿಪಿ ಓದುವುದನ್ನು, ಹಾಡುವುದನ್ನು, ಪಿಟೀಲು ಹಿಡಿಯುವುದನ್ನು ಕಲಿಸಿದರು. ಪೂಜೆಗೆ ಗಾಯಕವೃಂದ ಬೇಕಿತ್ತು, ಅದಕ್ಕೆ. ಹದಿನೇಳನೆಯ ಶತಮಾನದಲ್ಲಿ ಬಂದ ಯುರೋಪಿನ ಯಾತ್ರಿಕರು ಗೋವೆಯ ಚರ್ಚ್ ಸಂಗೀತವನ್ನು ಹೊಗಳಿ ಬರೆದಿದ್ದಾರೆ. ಆ ಶಾಲೆಗಳ ಪಾಠ ತಲೆಮಾರುಗಳ ಮೂಲಕ ಇಳಿದು, ಇಪ್ಪತ್ತನೆಯ ಶತಮಾನದಲ್ಲಿ ಮುಂಬಯಿಯ ಸ್ಟುಡಿಯೊಗಳನ್ನು ತುಂಬಿತು. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ, ಫ್ರಾಂಕ್ ಫರ್ನಾಂಡ್ ಮುಂತಾದ ಅರೇಂಜರುಗಳು ಇಲ್ಲದಿದ್ದರೆ ಹಿಂದಿ ಚಿತ್ರಸಂಗೀತದ ವೃಂದವೇ ಇರುತ್ತಿರಲಿಲ್ಲ. ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಪಿಟೀಲು ಕಲಿತದ್ದು ಗೊನ್ಸಾಲ್ವಿಸ್ ಅವರಲ್ಲಿ. 1977ರ ‘ಅಮರ್ ಅಕ್ಬರ್ ಆಂಥನಿ’ಯ ಹಾಡೊಂದರಲ್ಲಿ ಗುರುವಿನ ಹೆಸರು ಅಮರವಾಯಿತು. ಭನ್ಸಾಲಿಗೆ ಈ ಲೋಕ ಹೊಸದೂ ಅಲ್ಲ. ಅವರ ಮೊದಲ ಚಿತ್ರ, 1996ರ ‘ಖಾಮೋಶಿ’, ಗೋವೆಯ ಕ್ರೈಸ್ತ ಕುಟುಂಬವೊಂದರ ಸಂಗೀತದ ಕಥೆ. ಅಂದರೆ ಪೇಶ್ವೆಯ ಪ್ರೇಮಕ್ಕೆ ಇಂದು ಪಿಟೀಲು ಎಳೆಯುವ ಕೈಗಳದು ಪೇಶ್ವೆಯ ಕಾಲದ ಚರ್ಚಿನಲ್ಲಿ ಪಿಟೀಲು ಹಿಡಿದವರಿಂದ ಇಳಿದುಬಂದ ವಿದ್ಯೆ. ನಡುವಿನ ಇನ್ನೂರು ವರ್ಷಗಳ ರೊಮ್ಯಾಂಟಿಕ್ ಮೇಲೋಗರವನ್ನು ತೆಗೆದು ನೋಡಿದರೆ ಕೆಳಗೆ ಬರೋಕ್ ಇದ್ದೇ ಇದೆ.

ಬಾಜೀರಾವ್ ಬರೋಕ್ ಸಂಗೀತ ಕೇಳಿದ್ದಕ್ಕೆ ಏನು ಆಧಾರ ಎಂದು ಮೊದಲ ಆಕ್ಷೇಪಣೆ ಬರುತ್ತದೆ. ಆಧಾರವಿಲ್ಲ, ಇದೆ ಎಂದು ನಾನು ವಾದಿಸುತ್ತಲೂ ಇಲ್ಲ. ಅವನು ಜೀವಮಾನವನ್ನು ಕುದುರೆಯ ಮೇಲೆ ಕಳೆದವನು; ಹಾರ್ಪ್ಸಿಕಾರ್ಡ್ ಮುಂದೆ ಕೂತವನಲ್ಲ. ಆದರೆ ವಸಯಿ 1534ರಿಂದ 1739ರವರೆಗೆ, ಎರಡು ಶತಮಾನ ಮೀರಿ, ಪೋರ್ಚುಗೀಸರ ಊರಾಗಿತ್ತು. ಜೆಸುಯಿಟ್, ಫ್ರಾನ್ಸಿಸ್ಕನ್, ಡೊಮಿನಿಕನ್, ಅಗಸ್ಟಿನಿಯನ್ ಪಂಗಡಗಳ ಚರ್ಚುಗಳು ಕೋಟೆಯೊಳಗೆ ಒತ್ತೊತ್ತಾಗಿದ್ದವು, ಅವುಗಳ ಪಾಳು ಗೋಡೆಗಳು ಇಂದಿಗೂ ನಿಂತಿವೆ. ಪುಣೆಯ ಶನಿವಾರವಾಡೆಗೂ ಅದಕ್ಕೂ ಕೆಲವು ದಿನಗಳ ದಾರಿ. ವ್ಯಾಪಾರಿ, ವಕೀಲ, ಗೂಢಚಾರ, ಸೆರೆಸಿಕ್ಕವನು ಎಲ್ಲರೂ ಘಟ್ಟ ಹತ್ತಿ ಇಳಿಯುತ್ತಿದ್ದರು. 1739ರ ಮುತ್ತಿಗೆಯಲ್ಲಿ ಮರಾಠಾ ಸೈನಿಕರು ತಿಂಗಳುಗಟ್ಟಲೆ ಆ ಗೋಡೆಗಳ ಹೊರಗಿದ್ದರು. ಒಳಗಿನ ಚರ್ಚುಗಳ ಗಂಟೆ ಅವರ ಕಿವಿಗೆ ಬೀಳದೆ ಇರುವುದು ಸಾಧ್ಯವಿರಲಿಲ್ಲ. ಗೆದ್ದ ಮೇಲೆ ಅದೇ ಗಂಟೆಗಳನ್ನು ಹುಡುಕಿ ಇಳಿಸಿಕೊಂಡು ಹೋದರು ಎಂಬುದು ಸಣ್ಣ ಸಂಗತಿಯಲ್ಲ. ಕರಗಿಸಿ ತೋಪು ಮಾಡಬಹುದಿತ್ತು, ಕಂಚಿಗೆ ಆ ಕಾಲದಲ್ಲಿ ಅದೂ ಒಂದು ದೊಡ್ಡ ಬಳಕೆ. ಮಾಡದೆ ದೇವರ ಮುಂದೆ ತೂಗಿಸಿದರು, ಬಾರಿಸಿದರು. ಶತ್ರುವಿನ ನಾದವನ್ನು ಹಿಡಿದು ತಂದು ತಮ್ಮದಾಗಿಸಿಕೊಳ್ಳುವ ಧೈರ್ಯ ಅವರಿಗಿತ್ತು. ಅವರ ಮೇಲೆ ಚಿತ್ರ ಮಾಡುವ ನಮಗೆ ಇಲ್ಲ.

ಇಲ್ಲಿ ಎರಡನೆಯ, ಹೆಚ್ಚು ಗಂಭೀರವಾದ ಆಕ್ಷೇಪಣೆ ಎದುರಾಗುತ್ತದೆ. ಆ ಗಂಟೆಗಳ ಹಿಂದೆ ಮುರಿದ ಗುಡಿಗಳಿವೆ, ಇನ್‌ಕ್ವಿಸಿಶನ್‌ನ ಹಿಂಸೆಯಿದೆ, ಊರು ಬಿಟ್ಟು ಕೆನರಾ ಕರಾವಳಿಗೆ ಓಡಿಬಂದ ಕುಟುಂಬಗಳ ನೆನಪಿದೆ. ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಎಷ್ಟೋ ಕೊಂಕಣಿ ಮನೆಗಳಿಗೆ ಅದು ಇಂದಿಗೂ ಕುಲದೇವರ ಕಥೆಯ ಭಾಗ. ಹಾಗಿರುವಾಗ ಆ ಚರ್ಚಿನ ಸಂಗೀತವನ್ನು ಪೇಶ್ವೆಯ ಪ್ರೇಮಕ್ಕೆ ಹೊದಿಸುವುದು ಅಪಚಾರವಲ್ಲವೇ? ಹೊದಿಸುವುದಾದರೆ ಅಪಚಾರವೇ. ಸಂಗೀತವನ್ನು ಅಲಂಕಾರವಾಗಿ ಬಳಸಿದಾಗ ಇಂಥ ತಪ್ಪು ಆಗುತ್ತದೆ, ಸಾಕ್ಷಿಯಾಗಿ ಬಳಸಿದಾಗ ಆಗದು. ಗಂಟೆ ಚರ್ಚಿನಲ್ಲಿ ಬಾರಿಸಿದ್ದೂ ನಿಜ, ಶಿವಾಲಯದಲ್ಲಿ ಬಾರಿಸಿದ್ದೂ ನಿಜ. ಎರಡನ್ನೂ ಕೇಳಿಸುವ ಚಿತ್ರ ಆ ಕಾಲದ ಬಗ್ಗೆ ಏನನ್ನೂ ಮುಚ್ಚಿಡುವುದಿಲ್ಲ. ಬಾಜೀರಾವ್–ಮಸ್ತಾನಿ ಕಥೆಯೇ ಮಡಿ–ಮೈಲಿಗೆಯ ಗೋಡೆಗೆ ತಲೆ ಒಡೆದುಕೊಂಡವರ ಕಥೆಯಲ್ಲವೇ? ಅಲ್ಲಿ ನಾದಕ್ಕೊಂದು ಮಡಿ ಹಾಕುವುದು ಕಥೆಯನ್ನು ಅರ್ಥ ಮಾಡಿಕೊಂಡ ಲಕ್ಷಣವಲ್ಲ. ಇಸವಿಗಳು ಇಲ್ಲಿ ತಾವಾಗಿಯೇ ಒಂದು ನಾಟಕ ಹೂಡಿವೆ. 1739ರ ಮೇ ತಿಂಗಳಲ್ಲಿ ಚಿಮಾಜಿ ವಸಯಿ ಗೆದ್ದ. ಅದೇ ವರ್ಷ ಮುಗಿಯುವ ಹೊತ್ತಿಗೆ ಪೇಶ್ವೆ ಮನೆಯವರು, ಚಿಮಾಜಿ ಮತ್ತು ಬಾಜೀರಾವನ ಮಗ ನಾನಾಸಾಹೇಬ, ಮಸ್ತಾನಿಯನ್ನು ಬಂಧನದಲ್ಲಿಟ್ಟರು. 1740ರ ಏಪ್ರಿಲ್ 28ರಂದು ರಾವೇರಖೇಡಿಯಲ್ಲಿ ಬಾಜೀರಾವ್ ಸತ್ತ, ಅವನ ಹಿಂದೆಯೇ ಮಸ್ತಾನಿ. ಪರಧರ್ಮದ ಗಂಟೆ ಒಳಗೆ ಬರಬಹುದು, ಪರಧರ್ಮದ ತಾಯಿಯ ಮಗಳು ಬರಬಾರದು. ಒಂದೇ ವರ್ಷದಲ್ಲಿ ಒಂದೇ ಮನೆ ಎರಡನ್ನೂ ಮಾಡಿತು. ಯಾವ ಚಿತ್ರಕಥೆಗಾರ ಇದಕ್ಕಿಂತ ಒಳ್ಳೆಯದನ್ನು ಕಟ್ಟಿಯಾನು? ಚಿತ್ರದಲ್ಲಿ ಆ ಗಂಟೆ ಒಮ್ಮೆ ಬಾರಿಸಿದ್ದರೆ ಸಾಕಿತ್ತು.

ಮೂರನೆಯ ಆಕ್ಷೇಪಣೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ನಮ್ಮ ಕಥೆಗೆ ಗೌರವ ಬರಲು ಬಾಖ್, ವಿವಾಲ್ದಿಯ ಪಕ್ಕ ನಿಲ್ಲಿಸಬೇಕೇ? ಇದು ಬೇರೆ ವೇಷದ ದಾಸ್ಯವಲ್ಲವೇ? ಆ ಕಾಲಕ್ಕೆ ಮೊಹಮ್ಮದ್ ಶಾಹನ ದೆಹಲಿಯಲ್ಲಿ ನಿಯಾಮತ್ ಖಾನ್ ಸದಾರಂಗ್ ಖಯಾಲ್ ರಚಿಸುತ್ತಿದ್ದನಲ್ಲ, ಮರಾಠಾ ಸೀಮೆಯಲ್ಲಿ ಪೊವಾಡಾ ಇತ್ತಲ್ಲ, ಕೀರ್ತನೆ ಇತ್ತಲ್ಲ, ಅವು ಸಾಲವೇ? ಸಾಲುತ್ತವೆ, ಅವುಗಳಿಗೇ ಮೊದಲ ಮಣೆ. ಕಾಶಿಬಾಯಿಯ ಮನೆಯೊಳಗಿನ ದೃಶ್ಯಕ್ಕೆ ಬರೋಕ್ ತಂದು ಹಾಕುವವನ ಕಿವಿ ಹಿಂಡಬೇಕು. ಆದರೆ ದಾಸ್ಯದ ಪ್ರಶ್ನೆಯನ್ನು ಎತ್ತುವವರು ತಂತಿವೃಂದದ ಬಗ್ಗೆ ಅದನ್ನು ಎತ್ತುವುದಿಲ್ಲ. ನಾವು ಈಗಾಗಲೇ ಯುರೋಪಿನ ಸಂಗೀತವನ್ನೇ ಬಳಸುತ್ತಿದ್ದೇವೆ, ಅದೂ ತಪ್ಪು ಶತಮಾನದ್ದನ್ನು. ಮೇಲಾಗಿ ನಮ್ಮವರು ಯುರೋಪನ್ನು ಎದುರುಗೊಂಡ ರೀತಿಯಲ್ಲಿ ಕೀಳರಿಮೆ ಇರಲಿಲ್ಲ. ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರಗಳೆಂದು ಹಾಡಿಸಿದರು. ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲಿ ಸೇರಿತು, ದೊರೆಯ ಜಾಗಕ್ಕೆ ದೇವಿ ಬಂದಳು. ಪಿಟೀಲಿನ ಈ ಆಕಾರ ತಿದ್ದಿದ ಕ್ರೆಮೋನಾದ ಸ್ಟ್ರಾಡಿವಾರಿ ಸತ್ತದ್ದು 1737ರಲ್ಲಿ, ಬಾಜೀರಾವನ ಜೀವಿತಕಾಲದಲ್ಲೇ. ಅದೇ ಆಕಾರಕ್ಕೆ ಮೈಸೂರಿನ ಟಿ. ಚೌಡಯ್ಯ ಏಳು ತಂತಿ ಕಟ್ಟಿದರು. ಅದೇ ಆಕಾರದಲ್ಲಿ ಬೆಂಗಳೂರಿನವರು ಅವರಿಗೊಂದು ಸ್ಮಾರಕ ಭವನ ಕಟ್ಟಿದ್ದಾರೆ. ಬರೋಕ್ ಇಟಲಿಯ ವಾದ್ಯವೊಂದರ ಹೊಟ್ಟೆಯೊಳಗೆ ಕೂತು ನಾವು ಕಛೇರಿ ಕೇಳುತ್ತೇವೆ, ಯಾರಿಗೂ ದಾಸ್ಯ ಅನ್ನಿಸಿಲ್ಲ. ಇಳಯರಾಜ 1986ರ ‘ಹೌ ಟು ನೇಮ್ ಇಟ್’ನಲ್ಲಿ ಬಾಖ್‌ನನ್ನು ಮನೆಗೆ ಬಂದ ಅತಿಥಿಯಂತೆ ಕೂರಿಸಿ ಮಾತಾಡಿಸಿದಾಗಲೂ ಅನ್ನಿಸಲಿಲ್ಲ.

ಉಳಿದದ್ದು ಕುಬ್ರಿಕ್‌ನ ಮಾತು. ಬರೋಕ್ ಸಂಗೀತದಲ್ಲಿ ಪ್ರೇಮದ ದುಃಖವಿಲ್ಲವೇ? 1680ರ ದಶಕದಲ್ಲಿ ಹೆನ್ರಿ ಪರ್ಸೆಲ್ ಬರೆದ ‘ಡೈಡೊ ಆಂಡ್ ಈನಿಯಸ್’ನ ಕೊನೆಯ ಹಾಡನ್ನು ಕೇಳಿದವರು ಹಾಗೆ ಹೇಳಲಾರರು. ಬಿಟ್ಟುಹೋದ ಪ್ರಿಯನಿಗಾಗಿ ಸಾಯುವ ರಾಣಿಯ ಹಾಡು ಅದು. ಕೆಳಗೆ ಮಂದ್ರದಲ್ಲಿ ಒಂದು ಸಣ್ಣ ಸ್ವರಪಂಕ್ತಿ ಅರ್ಧರ್ಧ ಸ್ವರ ಇಳಿಯುತ್ತ ಮತ್ತೆ ಮತ್ತೆ ಸುತ್ತುತ್ತದೆ. ಮೇಲೆ ರಾಣಿಯ ದನಿ ಆ ಸುತ್ತಿನ ಗಡಿಗಳನ್ನು ಮೀರಿ ಹೊಯ್ದಾಡುತ್ತದೆ. ಧಾರವಾಡದ ಕಡೆಯ ಕೇಳುಗರಿಗೆ ಇದನ್ನು ವಿವರಿಸಬೇಕಿಲ್ಲ, ಅವರು ಲೆಹರಾ ಕೇಳಿದವರು. ಸಾರಂಗಿಯ ಮೇಲೆ ಒಂದೇ ಸಾಲು ತಿರುಗುತ್ತಿರುತ್ತದೆ, ಅದರ ಮೇಲೆ ತಬಲಾ ಇಲ್ಲವೇ ಕಥಕ್ ತನ್ನ ಲೋಕ ಕಟ್ಟುತ್ತದೆ. ಬದಲಾಗದ ಒಂದು ವಿಧಿ, ಅದರೊಳಗೆ ಒದ್ದಾಡುವ ಒಂದು ಜೀವ. ಬರೋಕ್ ವಾದಕನೂ ಅಚ್ಚಿನಲ್ಲಿದ್ದಷ್ಟನ್ನೇ ನುಡಿಸುತ್ತಿರಲಿಲ್ಲ. ಅಂಕಿ ಹಾಕಿದ ಮಂದ್ರದ ಸಾಲನ್ನು ನೋಡಿ ಮೇಲಿನದನ್ನು ಸ್ಥಳದಲ್ಲೇ ತುಂಬುತ್ತಿದ್ದ, ಗಮಕಗಳನ್ನು ತಾನೇ ಪೋಣಿಸುತ್ತಿದ್ದ. ಒಂದು ರಚನೆಗೆ ಒಂದು ಭಾವ ಎಂಬ ಅವರ ತತ್ವ ನಮ್ಮ ರಸವಿಚಾರದ ಪಕ್ಕದ ಮನೆಯದು. ಎರಡೂ ಒಂದೇ ಎನ್ನುವಷ್ಟು ಉತ್ಸಾಹ ಬೇಡ. ಅವರದು ಹಲವು ದನಿಗಳ ನೇಯ್ಗೆ, ನಮ್ಮದು ಒಂದು ಎಳೆಯ ಬಿಡಿಸುವಿಕೆ. ಆದರೆ ಹತ್ತೊಂಬತ್ತನೆಯ ಶತಮಾನದ ದೊಡ್ಡ ವೃಂದಕ್ಕಿಂತ, ಕರುಳಿನ ತಂತಿಯ ಹತ್ತು ವಾದ್ಯಗಳ ಬರೋಕ್ ಗುಂಪು ಸಾರಂಗಿಯ ಪಕ್ಕ ಎಷ್ಟೋ ಸಲೀಸಾಗಿ ಕೂರುತ್ತದೆ. ಒಂದನ್ನೊಂದು ಮುಳುಗಿಸುವುದಿಲ್ಲ.

ಸಿನಿಮಾ ವಸ್ತುಸಂಗ್ರಹಾಲಯವಲ್ಲ, ಪ್ರೇಕ್ಷಕನಿಗೆ ಕಣ್ಣೀರು ಬಂದರೆ ಸಾಕು ಎನ್ನುವವರೂ ಇದ್ದಾರೆ. ಅವರೊಂದಿಗೆ ನನಗೆ ದೊಡ್ಡ ಜಗಳವಿಲ್ಲ. ಜೋ ರೈಟ್‌ನ 2005ರ ‘ಪ್ರೈಡ್ ಆಂಡ್ ಪ್ರೆಜುಡಿಸ್’ನಲ್ಲಿ ಡಾರ್ಸಿ ಮತ್ತು ಎಲಿಜಬೆತ್ ಕುಣಿಯುವುದು ಪರ್ಸೆಲ್ 1695ರಲ್ಲಿ ಬರೆದ ಧಾಟಿಯೊಂದರ ಮರುರೂಪಕ್ಕೆ, ಅವರ ಕಾಲಕ್ಕೆ ಅದು ನೂರು ವರ್ಷ ಹಳೆಯದು, ಆದರೂ ದೃಶ್ಯ ಗೆಲ್ಲುತ್ತದೆ. ಕಾಲ ತಪ್ಪುವುದು ಪಾಪವಲ್ಲ. ತಪ್ಪುತ್ತಿದ್ದೇನೆಂದು ಗೊತ್ತಿದ್ದು ತಪ್ಪುವುದಕ್ಕೂ, ಎಲ್ಲ ರಾಜರಿಗೂ ಒಂದೇ ಅಂಗಡಿಯ ಅಂಗಿ ಹೊಲಿಸುವುದಕ್ಕೂ ವ್ಯತ್ಯಾಸವಿದೆ. ಒಂದು ಸೀರೆಯ ಅಂಚು, ಒಂದು ಕಿರೀಟದ ಹರಳು ಸರಿಯಿರಬೇಕೆಂದು ಕೋಟಿಗಟ್ಟಲೆ ಸುರಿಯುವ ನಿರ್ಮಾಪಕರು ನಾದಕ್ಕೂ ಒಬ್ಬ ಇತಿಹಾಸಕಾರನನ್ನು ಒಂದು ವಾರ ಕರೆಸಿಕೊಳ್ಳಲಿ. ಆಮೇಲೆ ಅವನ ಮಾತು ಮೀರಲಿ.

ಬರೋಕ್‌ನ ನಂಟು ಹುಡುಕಲು ಕನ್ನಡದವರಿಗಂತೂ ಇಗತಪುರಿಯ ಘಟ್ಟ ಹತ್ತುವ ಅಗತ್ಯವೂ ಇಲ್ಲ. 1623ರ ಕೊನೆಗೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ರಾಜಧಾನಿಗೆ ಬಂದ ರೋಮ್‌ನ ಯಾತ್ರಿಕ ಪಿಯೆತ್ರೊ ದೆಲ್ಲ ವಾಲ್ಲೆ ಸಾಮಾನ್ಯ ಪ್ರವಾಸಿಯಾಗಿರಲಿಲ್ಲ. ಊರಿಗೆ ಮರಳಿದ ಮೇಲೆ, 1640ರಲ್ಲಿ, ತನ್ನ ಕಾಲದ ಸಂಗೀತವನ್ನು ಸಮರ್ಥಿಸಿ ಪ್ರಬಂಧ ಬರೆದವನು, ಸ್ವತಃ ಸಂಗೀತ ರಚಿಸಿದವನು. ಬರೋಕ್ ಸಂಗೀತದ ಚರಿತ್ರೆಯಲ್ಲಿ ಅವನಿಗೊಂದು ಪುಟವಿದೆ. ಆ ಕಿವಿಯಿಂದ ಅವನು ಇಕ್ಕೇರಿಯ ಬೀದಿಯ ವಾದ್ಯಗಳನ್ನು ಕೇಳಿದ, ಹುಡುಗಿಯರು ಕೋಲು ಹೊಯ್ಯುತ್ತ ಕುಣಿಯುವುದನ್ನು ನೋಡಿ ಬರೆದಿಟ್ಟ. ಪರ್ಷಿಯಾದಲ್ಲಿ ತೀರಿಕೊಂಡ ಅವನ ಹೆಂಡತಿ ಸಿತ್ತಿ ಮಆನಿಯ ಶವವನ್ನು ಪೆಟ್ಟಿಗೆಯಲ್ಲಿ ಕಾಪಿಟ್ಟು ಅವನು ಭಾರತದ ಮೂಲಕ ರೋಮ್‌ವರೆಗೆ ಒಯ್ದು ಅಲ್ಲಿ ಮಣ್ಣು ಮಾಡಿದ. ಇಕ್ಕೇರಿಯಲ್ಲಿ ಅವನು ಇನ್ನೊಬ್ಬಳನ್ನು ಕಂಡ. ಗಂಡನ ಚಿತೆಗೆ ಏರಲು ನಿರ್ಧರಿಸಿ, ವಾದ್ಯದೊಂದಿಗೆ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ತೆಲುಗು ಹೆಂಗಸು. ಅವಳ ಹೆಸರನ್ನು ಅವನು ಜಕ್ಕಮ್ಮ ಎಂದು ಓದಬಹುದಾದಂತೆ ಬರೆದಿದ್ದಾನೆ. ಬೇಡವೆಂದು ಹೇಳಿನೋಡಿದ, ಅವಳು ನಗುತ್ತಲೇ ಒಪ್ಪಲಿಲ್ಲ. ನಿನ್ನ ಮೇಲೆ ಪದ್ಯ ಬರೆಯುತ್ತೇನೆ ಎಂದು ಮಾತು ಕೊಟ್ಟ, ಬರೆದ. ಅವಳ ಗಂಡ ಡೋಲು ಬಾರಿಸುವವನಾಗಿದ್ದ.